ದೇವಕಿಯಕ್ಕನ ಬಲಗೈ

ಆ ಮಧ್ಯಾಹ್ನ ಮಗು ದೇವಕಿಯಕ್ಕನ ಎಡ ಹೆಗಲಿನ ಮೇಲೆ ನಿದ್ದೆ ಹೋಗಿರದಿದ್ದರೆ ಅವರು ಎಂದಿನಂತೆ ಎಡಗೈಯನ್ನೇ ನನ್ನ ಕಡೆ ಚಾಚುತ್ತಿದ್ದರು. ನಾನೂ ಎಂದಿನಂತೆ ಪುಸ್ತಕದಲ್ಲಿ ಒಳ್ಳೆಯ ಅಂಕೆಯೊಂದನ್ನು ಬರೆದು, ಮಜ್ಜಿಗೆ ಕುಡಿದು, ಎರಡು ಗಂಟೆಯ ಜೀಪಿಗೆ ಓಡುತ್ತಿದ್ದೆ.

"ಇವತ್ತು ಈ ಕೈ ಹಿಡಿ ಮಾರಾಯ್ತಿ," ಎಂದು ಬಲಗೈ ಕೊಟ್ಟರು. "ಈ ಚಿನ್ಮಯಿ ಈಗಷ್ಟೇ ಕಣ್ಣು ಮುಚ್ಚಿದ್ದು. ಅಲುಗಾಡಿಸಿದ್ರೆ ಕಡಬದವರೆಗೆ ಕೇಳುವ ಹಾಗೆ ಕಿರುಚ್ತಾಳೆ. ನಾದಿನಿಯ ಮಗಳಲ್ಲವಾ, ಗಂಟಲು ನಮ್ಮ ಅತ್ತೆಯದ್ದೇ."

ನಾನು ನಗುತ್ತ ಬಿಪಿಯ ಪಟ್ಟಿ ಸುತ್ತಿ ಗುಂಡಿ ಒತ್ತಿದೆ. ಯಂತ್ರ ಗುಂಯ್‌ಗುಡುತ್ತ ಗಾಳಿ ತುಂಬಿತು, ನಿಂತಿತು, ಸಾಲದೆಂಬಂತೆ ಮತ್ತೆ ತುಂಬಿತು. ದೇವಕಿಯಕ್ಕನ ಬೆರಳುಗಳು ನೀಲಿಗಟ್ಟಿದವು. ಕೊನೆಗೆ ಗಾಜಿನ ಮೇಲೆ ಅಂಕೆ ಮೂಡಿತು: ಇನ್ನೂರ ನಾಲ್ಕು, ಕೆಳಗೆ ನೂರ ಎರಡು.

ಮೂರು ವರ್ಷಗಳಿಂದ ನಾನು ಕೋಡಿಂಬಾಳದ ಕಡೆಯ ಉಪಕೇಂದ್ರವೊಂದರಲ್ಲಿ ಆರೋಗ್ಯ ಅಧಿಕಾರಿ. ಹುದ್ದೆಯ ಹೆಸರು ದೊಡ್ಡದು, ಜನರ ಬಾಯಲ್ಲಿ ಬರೀ ಸಿಸ್ಟರ್. ನನ್ನ ಮನೆ ಸುಳ್ಯದ ಆಚೆ. ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಮೂವತ್ತು ದಾಟಿದವರ ಬಿಪಿ ನೋಡಿ ಬರೆಯುವುದು ನನ್ನ ಕೆಲಸಗಳಲ್ಲೊಂದು. ದೇವಕಿಯಕ್ಕನ ಮನೆಗೆ ನಾನು ಮುಟ್ಟುವಾಗ ಯಾವಾಗಲೂ ಅನ್ನ ಬಸಿಯುವ ಹೊತ್ತು. ಆ ಮನೆಯಲ್ಲಿ ಅನ್ನ ಮುಟ್ಟಿದ ಕೈ ಮುಸುರೆ. ತೊಳೆಯದೆ ಆ ಕೈಯಿಂದ ಬೇರೇನನ್ನೂ ಮುಟ್ಟುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. "ಬಲಗೈ ಮುಸುರೆ, ಇದನ್ನು ಹಿಡಿ," ಎಂದು ಅವರು ಅಡುಗೆಮನೆಯ ಹೊಸ್ತಿಲಿನಿಂದ ಎಡಗೈ ಚಾಚುವರು. ನಾನು ಹೊಸ್ತಿಲಿನ ಈಚೆ ಕುಕ್ಕರುಗಾಲಲ್ಲಿ ಕೂತು ಪಟ್ಟಿ ಸುತ್ತುವೆ. ಗಾಳಿ ಇಳಿಯುವಷ್ಟು ಹೊತ್ತು ಅವರಿಗೆ ನನ್ನ ಅಜ್ಜಿಯ ಕಥೆಯೊಂದರ ತುಂಡು ಬೇಕು. ನೂರ ಹದಿನಾರು, ನೂರ ಹದಿನೆಂಟು. ಬರೆದದ್ದೆಲ್ಲ ಅಷ್ಟೇ.

ದೇವಕಿಯಕ್ಕ ತಲೆ ಸಿಡಿಯುತ್ತದೆ ಎಂದರೆ ಪಿತ್ತ ಎಂದು ಅತ್ತೆ ಪುನರ್ಪುಳಿ ಶರಬತ್ತು ಕೊಡುತ್ತಿದ್ದರು, ನಾನು ಮಾತ್ರೆ ಕೊಡುತ್ತಿದ್ದೆ. ಒಮ್ಮೆ ಮೂಗಿನಿಂದ ರಕ್ತ ಬಂದಾಗ ಸೆಕೆಗೆ ಎಂದರು, ನಾನೂ ಹೌದೆಂದೆ. ಮೇ ತಿಂಗಳಲ್ಲೂ ಪಾದ ತಣ್ಣಗೆ ಎಂದು ಸಾಕ್ಸ್ ಹಾಕಿ ಮಲಗುವುದನ್ನು ಎಲ್ಲರೂ ತಮಾಷೆ ಮಾಡುತ್ತಿದ್ದರು. ಮೂವತ್ತೊಂಬತ್ತು ವರ್ಷದ ಹೆಂಗಸು, ಬಾವಿಕಟ್ಟೆಯ ಆರು ಮೆಟ್ಟಲು ಹತ್ತಿ ನಿಂತು ಕಾಲು ತಿಕ್ಕಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೆ.

"ಮಿಷನಿನ ಬ್ಯಾಟರಿ ಹೋಗಿರ್ಬೇಕು," ಎಂದರು ಅವರ ಗಂಡ ರಾಧಾಕೃಷ್ಣ ಭಟ್ರು, ಜಗಲಿಯಿಂದಲೇ.

ಪಟ್ಟಿಯನ್ನು ನನ್ನ ಕೈಗೇ ಸುತ್ತಿಕೊಂಡೆ. ನೂರ ಹತ್ತು. ಮಗುವನ್ನು ತೊಟ್ಟಿಲಿಗೆ ಹಾಕಿಸಿ ದೇವಕಿಯಕ್ಕನ ಎಡಗೈಗೆ ಸುತ್ತಿದೆ. ನೂರ ಹದಿನೆಂಟು. ಮತ್ತೆ ಬಲಗೈ. ಇನ್ನೂರ ಆರು. ಒಂದೇ ಮೈಯಲ್ಲಿ ಎರಡು ಹೆಂಗಸರು ಕೂತ ಹಾಗಿತ್ತು. ಮೂರು ವರ್ಷ ನಾನು ಮಾತಾಡಿಸಿದ್ದು ಅವರಲ್ಲಿ ಒಬ್ಬಳನ್ನು ಮಾತ್ರ.

ಕೆಳಗೆ ಕೂತು ಅವರ ಪಾದದ ಮೇಲೆ ಬೆರಳಿಟ್ಟೆ. ಅಲ್ಲಿ ಮಿಡಿಯಬೇಕಾದ ನಾಡಿ ಸಿಗಲಿಲ್ಲ. ಬೆರಳು ಸರಿಸಿದೆ, ಒತ್ತಿದೆ, ಉಸಿರು ಬಿಗಿಹಿಡಿದೆ. ಬರೀ ತಂಪು.

"ಎಂತ ಕೂಸೇ, ಕಾಲಿಗೆ ಬೀಳುದು? ನಾನೇನು ನಿನ್ನ ಅತ್ತೆಯಾ?" ದೇವಕಿಯಕ್ಕ ನಕ್ಕರು. ನನ್ನ ಮುಖ ಕಂಡು ನಗು ಅರ್ಧಕ್ಕೆ ನಿಂತಿತು. "ಎಂತಾಯ್ತು?"

"ಅಕ್ಕ, ಈಗಲೇ ಪುತ್ತೂರಿಗೆ ಹೋಗ್ಬೇಕು."

"ಈಗಲಾ? ಒಲೆಯ ಮೇಲೆ ಸಾಂಬಾರು ಉಂಟು."

"ಇಳಿಸಿ. ಭಟ್ರೇ, ಕಾರು ತೆಗೀರಿ."

ಕಾರಿನಲ್ಲಿ ದೇವಕಿಯಕ್ಕ ನನ್ನ ಮೊಣಕೈಗೆ ತಿವಿದರು. "ರಾಕ್ಷಸನ ಜೀವ ಗಿಳಿಯ ಕೊರಳಲ್ಲಿ ಉಂಟು ಅಂತ ಹೇಳಿ ಹೋದದ್ದು ನೀನು, ಕಳೆದ ತಿಂಗಳು. ಆಮೇಲೆ ಎಂತಾಯ್ತು? ದಾರಿ ಹೇಗೂ ಉದ್ದ ಉಂಟು, ಮುಗಿಸು."

ಅಜ್ಜಿಯ ಕಥೆಯಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಗಿಳಿಯನ್ನು ಹಿಡಿಯುತ್ತಾನೆ, ಕೊರಳು ತಿರುಚುತ್ತಾನೆ, ಇಲ್ಲಿ ಅರಮನೆಯಲ್ಲಿ ರಾಕ್ಷಸ ಕೈಕಾಲು ಬಡಿಯುತ್ತಾನೆ. ಚಿಕ್ಕಂದಿನಲ್ಲಿ ಚಪ್ಪಾಳೆ ತಟ್ಟಿ ಕೇಳಿದ ಭಾಗ ಅದು. "ತಲೆ ನೋವು ಉಂಟಾ ಅಕ್ಕ?" ಎಂದಷ್ಟೇ ಕೇಳಿದೆ.

"ಅದು ಯಾವಾಗ ಇಲ್ಲ?"

ಪುತ್ತೂರಿನ ಆಸ್ಪತ್ರೆಯಲ್ಲಿ ಹದಿನೇಳನೆಯ ಟೋಕನ್ ಸಿಕ್ಕಿತು. ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ನರ್ಸೊಬ್ಬಳು ಎಲ್ಲರ ಬಿಪಿ ನೋಡಿ ಚೀಟಿ ಬರೆದು ಕೊಡುತ್ತಿದ್ದಳು. ನಾನು ಹೆಸರು ಬರೆಸಿ ಬರುವಷ್ಟರಲ್ಲಿ ದೇವಕಿಯಕ್ಕನ ಸರದಿ ಮುಗಿದಿತ್ತು. ಚೀಟಿಯಲ್ಲಿ ನೂರ ಹದಿನೆಂಟು.

"ಯಾವ ಕೈ ಕೊಟ್ರಿ?"

"ಎಡದ್ದು." ಅವರು ನಾಲಿಗೆ ಕಚ್ಚಿಕೊಂಡರು. "ಅಭ್ಯಾಸ ನೋಡು, ಅದಾಗಿಯೇ ಮುಂದೆ ಹೋಯ್ತು."

ಇನ್ನೊಂದು ಕೈ ನೋಡಿ ಎಂದು ನರ್ಸಿಗೆ ಹೇಳಿದೆ. ಅವಳ ಹಿಂದೆ ಹತ್ತು ಮಂದಿ ಕಾಯುತ್ತಿದ್ದರು. "ಡಾಕ್ಟರಲ್ಲೇ ಹೇಳಿ," ಎಂದಳು.

ಡಾಕ್ಟರು ವಯಸ್ಸಾದವರು, ಸಾವಧಾನದವರು. ಚೀಟಿ ನೋಡಿದರು, ನನ್ನ ಪುಸ್ತಕ ತೆಗೆದು ಒಂದೊಂದೇ ಹಾಳೆ ಮಗುಚಿದರು. "ಇದೆಲ್ಲ ನೀವೇ ಬರೆದದ್ದಾ ಸಿಸ್ಟರ್? ಚೆಂದ ಉಂಟು, ಒಂದು ತಿಂಗಳೂ ತಪ್ಪಿಲ್ಲ. ಮೂರು ವರ್ಷ ಸರಿ ಇದ್ದದ್ದು, ಇಲ್ಲಿ ಈಗಲೂ ಸರಿ ಉಂಟು. ನಿಮ್ಮ ಮಿಷನ್ ಒಂದು ದಿನ ಹುಚ್ಚು ಕಟ್ಟಿದ್ದಕ್ಕೆ ಪಾಪ ಇವರನ್ನು ಈ ಬಿಸಿಲಿಗೆ ತಂದದ್ದಾ?"

"ನಾನು ಹೇಳಿದ್ದಲ್ಲವಾ, ಬ್ಯಾಟರಿ," ಎಂದು ಭಟ್ರು ಉಸಿರು ಬಿಟ್ಟರು.

ಡಾಕ್ಟರು ಪೆನ್ನು ತೆಗೆದು ಗ್ಯಾಸಿನ ಮಾತ್ರೆಯ ಹೆಸರು ಬರೆಯತೊಡಗಿದರು. ಎರಡನೆಯ ಸಾಲು ಬರೆದಾಯಿತು. ಇನ್ನೊಂದು ಸಾಲು ಮುಗಿದರೆ ನಾವು ಎದ್ದು ಹೋಗಬೇಕು. ನನ್ನ ಗುಂಡಗಿನ ಅಕ್ಷರಗಳನ್ನು ಅವರು ನಂಬಿದ್ದರು. ಭಟ್ರೂ ನಂಬಿದ್ದರು. ಊರಲ್ಲಿ ಯಾರೇ ಸಿಕ್ಕಿದರೂ ನಮ್ಮ ಸಿಸ್ಟರಿನ ಹಾಗೆ ತಪ್ಪದೆ ಬರುವವರು ಬೇರೆ ಎಲ್ಲೂ ಇಲ್ಲ ಎನ್ನುತ್ತಿದ್ದರು ಅವರು.

"ಸರ್, ಆ ಪುಸ್ತಕ ನಂಬ್ಬೇಡಿ," ಎಂದೆ.

ಪೆನ್ನು ನಿಂತಿತು.

"ಅದರಲ್ಲಿ ಇರುದು ಬರೀ ಎಡಗೈಯದ್ದು. ಅಕ್ಕನ ಬಲಗೈ ಯಾವಾಗಲೂ ಮುಸುರೆ ಇರ್ತಿತ್ತು, ತೊಳ್ಕೊಂಡು ಬನ್ನಿ ಅಂತ ನಾನು ಒಂದು ಸಲವೂ ಹೇಳಿಲ್ಲ. ಇಲ್ಲಿ ಹೊರಗೆ ನೋಡಿದ್ದೂ ಎಡಗೈಯೇ. ಬಲಗೈಯಲ್ಲಿ ಇನ್ನೂರು ದಾಟಿದೆ. ಪಾದದಲ್ಲಿ ನಾಡಿ ಸಿಗ್ತಾ ಇಲ್ಲ."

"ಮೊದಲ ಸಲ ಎರಡೂ ಕೈ ನೋಡ್ಬೇಕು ಅಂತ ನಿಮಗೆ ಕಲಿಸಿಲ್ವಾ?"

"ಕಲಿಸಿದ್ದಾರೆ ಸರ್."

ಡಾಕ್ಟರು ಎದ್ದು ಬಂದರು. ತಮ್ಮದೇ ಪಟ್ಟಿಯನ್ನು ದೇವಕಿಯಕ್ಕನ ಬಲಗೈಗೆ ಸುತ್ತಿದರು. ಎರಡೂ ಮಣಿಕಟ್ಟುಗಳನ್ನು ಒಟ್ಟಿಗೆ ಹಿಡಿದು ಕಣ್ಣು ಮುಚ್ಚಿ ಕೂತರು. ಪರದೆಯ ಹಿಂದೆ ಕರೆದೊಯ್ದು ತೊಡೆಸಂದಿಯ ನಾಡಿ ನೋಡಿದರು. ಬಂದು ಕೈ ತೊಳೆಯುವಾಗ ನೀರು ಬಹಳ ಹೊತ್ತು ಹರಿಯಿತು.

"ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮೇಲೆ ಹೋಗಿ ಕಮಾನಿನ ಹಾಗೆ ಬಗ್ಗಿ ಕೆಳಗೆ ಇಳೀತದೆ. ಆ ಬಾಗಿನಲ್ಲಿ ಎಲ್ಲೋ ಬಿಗಿದಿದೆ. ಹುಟ್ಟುವಾಗಲೇ ಇದ್ದಿರ್ಬಹುದು. ಮನೆಗೆ ಹೋಗುದು ಬೇಡ, ಇಲ್ಲಿಂದಲೇ ಮಂಗಳೂರಿಗೆ ಹೋಗಿ. ನಾನು ಫೋನ್ ಮಾಡ್ತೇನೆ."

"ನಾಳೆ ಬೆಳಿಗ್ಗೆ ಹೋದ್ರೆ?" ಭಟ್ರ ಸ್ವರ ಸಣ್ಣಗಾಗಿತ್ತು.

"ಇಷ್ಟು ಒತ್ತಡ ನೇರ ತಲೆಗೆ ಹೊಡೀತಾ ಉಂಟು. ಒಳಗೆ ಒಂದು ಸಣ್ಣ ನಾಳ ಒಡೆದ್ರೆ ಮುಗೀತು. ನಾಳೆಗೆ ಇಡ್ಬೇಡಿ ಭಟ್ರೇ."

ಹೊರಗೆ ಬಂದಾಗ ಭಟ್ರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಹೆಬ್ಬೆರಳಿನಿಂದ ಹಾಳೆಗಳನ್ನು ಬರ್ರನೆ ಬಿಟ್ಟರು. "ಮೂವತ್ತಾರು ತಿಂಗಳು. ಇದೆಲ್ಲ ನಮ್ಮ ಮನೆಯ ಮಜ್ಜಿಗೆ ಕುಡ್ದು ಬರ್ದದ್ದಾ?" ಎಂದು ಅದನ್ನು ತಮ್ಮ ಚೀಲಕ್ಕೆ ತುರುಕಿದರು. ಅದಾದ ಮೇಲೆ ನನ್ನ ಹತ್ತಿರ ಮಾತಿಲ್ಲ. ನಾನು ಬಸ್ಸಿಗೆ ಹೋಗುತ್ತೇನೆ ಎಂದಾಗ ದೇವಕಿಯಕ್ಕ ಕಾರಿನ ಬಾಗಿಲು ಹಿಡಿದು ನಿಂತರು. "ಇವಳು ಬಾರದ್ರೆ ನಾನೂ ಇಲ್ಲ. ಅವರು ಹೇಳುದು ನಮಗೆ ಅರ್ಥ ಆಗ್ಬೇಕಲ್ಲ."

ಮಂಗಳೂರಿನ ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ಪಿನ ಮೂಲಕ ಮದ್ದು ಕೊಟ್ಟು ಒತ್ತಡವನ್ನು ನಿಧಾನವಾಗಿ ಇಳಿಸಿದರು. ಒಮ್ಮೆಲೇ ಇಳಿಸಿದರೆ ಕೆಳಗಿನ ಮೈಗೆ, ಮೂತ್ರಪಿಂಡಗಳಿಗೆ ರಕ್ತವೇ ಸಾಲದು. ಸ್ಕ್ಯಾನ್ ಆಯಿತು. ಮೂರನೆಯ ದಿನ ಹೃದಯದ ಡಾಕ್ಟರು ಅಮೀರಾ ನಮ್ಮಿಬ್ಬರನ್ನು ಒಳಗೆ ಕರೆದು ಪರದೆ ತೋರಿಸಿದರು.

ಕಪ್ಪು ಪರದೆಯ ಮೇಲೆ ಬಿಳಿಯ ನಾಳವೊಂದು ಮೇಲೆದ್ದು ಬಾಗಿತ್ತು. ಬಾಗಿದ ಕಡೆ ಯಾರೋ ಎರಡು ಬೆರಳಿನಿಂದ ಹಿಚುಕಿ ಹಿಡಿದ ಹಾಗೆ ನೂಲಿನಷ್ಟಾಗಿ, ಮತ್ತೆ ದಪ್ಪಗಾಗಿ ಕೆಳಗಿಳಿದಿತ್ತು. ಥೇಟು ಗಿಳಿಯ ಕೊರಳು.

"ನೋಡಿ ಭಟ್ರೇ," ಎಂದರು ಡಾ. ಅಮೀರಾ. ಪುತ್ತೂರಿನ ಕಡೆಯ ಮಾತು ಅವರದು. "ಈ ಬಾಗಿನಿಂದ ಮೂರು ಕೊಂಬೆ ಹೊರಡ್ತದೆ. ಒಂದು ಬಲಗೈಗೆ ಮತ್ತೆ ತಲೆಗೆ. ಎರಡನೆಯದ್ದು ತಲೆಗೆ. ಮೂರನೆಯದ್ದು ಎಡಗೈಗೆ. ಬಿಗಿದದ್ದು ಎರಡನೆಯದ್ದು ಮತ್ತೆ ಮೂರನೆಯದ್ದರ ನಡುವೆ."

ಭಟ್ರು ಬಹಳ ಹೊತ್ತು ನೋಡಿದರು. "ಅಡಿಕೆಗೆ ಮದ್ದು ಬಿಡುವ ಪೈಪು ಮಡಚಿಕೊಂಡ ಹಾಗೆ," ಎಂದರು ಕೊನೆಗೆ. "ಪಂಪಿನ ಕಡೆ ಪೈಪು ಉಬ್ಬುತ್ತದೆ, ಇತ್ಲಾಗಿ ಹನಿಯೂ ಇಲ್ಲ."

"ಅದೇ. ತೊಡೆಯ ನಾಳದಿಂದ ತಂತಿ ಬಿಟ್ಟು, ಅದರ ಮೇಲೆ ಲೋಹದ ಬಲೆಯ ಕೊಳವೆ ಒಂದನ್ನು ಅಲ್ಲಿವರೆಗೆ ತೆಗೊಂಡು ಹೋಗ್ತೇವೆ. ಸ್ಟೆಂಟ್. ಒಳಗಿನ ಬಲೂನು ಉಬ್ಬಿಸಿದ್ರೆ ಅದು ಅರಳಿ ಗೋಡೆಗೆ ಕೂತ್ಕೊಳ್ತದೆ. ಬಲೂನು ಉಬ್ಬುವಾಗ ರಕ್ತದ ರಭಸಕ್ಕೆ ಜಾರ್ಬಾರ್ದು ಅಂತ ಹೃದಯವನ್ನು ಸ್ವಲ್ಪ ಸೆಕೆಂಡು ತುಂಬ ಜೋರು ಓಡಿಸ್ತೇವೆ. ಆಗ ಅದು ಮಿಡೀತದೆ, ಆದ್ರೆ ರಕ್ತ ತಳ್ಳುದಿಲ್ಲ."

"ಒಡೆದ್ರೆ?"

"ಬಟ್ಟೆಯ ಹೊದಿಕೆ ಇರುವ ಸ್ಟೆಂಟ್ ಪಕ್ಕದಲ್ಲೇ ಇರ್ತದೆ. ಆದ್ರೂ ಅಪಾಯ ಇಲ್ಲ ಅಂತ ನಾನು ಹೇಳುದಿಲ್ಲ. ತಲೆಯ ಕೊಂಬೆಗೂ ಬಿಗಿದ ಜಾಗಕ್ಕೂ ನಡುವೆ ನನಗೆ ಸಿಗುದು ಒಂದು ಸೆಂಟಿಮೀಟರ್. ಎಡಗೈಯ ಕೊಂಬೆಯ ಬಾಯಿಗೆ ಬಲೆ ಅಡ್ಡ ಬಂದೇ ಬರ್ತದೆ. ಬಲೆಯ ಕಣ್ಣಿನಿಂದ ರಕ್ತ ಹೋಗ್ತದೆ, ಹೆಚ್ಚಿನವರಿಗೆ ತೊಂದ್ರೆ ಆಗುದಿಲ್ಲ. ಎದೆ ಕೊಯ್ದು ಮಾಡುವ ದಾರಿಯೂ ಉಂಟು. ಇವರಿಗೆ ಇದು ಒಳ್ಳೆಯದು ಅಂತ ನನ್ನ ಲೆಕ್ಕ."

ಮರುದಿನ ಬೆಳಿಗ್ಗೆ ಹಸಿರು ಅಂಗಿ ತೊಡಿಸಿ ಗಾಲಿಮಂಚದಲ್ಲಿ ಮಲಗಿಸಿದಾಗ ದೇವಕಿಯಕ್ಕ ಗಂಡನ ಕೈ ಹಿಡಿದು, "ಹೆದರೆಡಿ, ಆನು ಬತ್ತೆ," ಎಂದರು. ಹೆದರಬೇಡಿ, ನಾನು ಬರುತ್ತೇನೆ ಎಂದು, ಮನೆಯ ಮಾತಿನಲ್ಲಿ. ಮತ್ತೆ ನನ್ನ ಕಡೆ ತಿರುಗಿದರು. "ನಿನ್ನ ಮೇಲೆ ಕೋಪ ಉಂಟು ನನಗೆ. ಈಗ ಬೈದ್ರೆ ಬಿಪಿ ಏರ್ತದೆ ಅಂತ ಸುಮ್ಮನಿದ್ದೇನೆ."

ಬಾಗಿಲು ಮುಚ್ಚಿತು.

ಒಂದೂವರೆ ಗಂಟೆ ಎಂದಿದ್ದರು. ಕಾಯುವ ಕೋಣೆಯಲ್ಲಿ ಭಟ್ರು ಒಂದು ತುದಿಯ ಕುರ್ಚಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ. ನಡುವೆ ಹನ್ನೊಂದು ಖಾಲಿ ಕುರ್ಚಿ. ಒಳಗೆ ಈಗ ತಂತಿ ಎಲ್ಲಿ ಮುಟ್ಟಿರಬಹುದು ಎಂದು ನಾನು ನನ್ನದೇ ಮೈಯಲ್ಲಿ ಊಹಿಸುತ್ತಿದ್ದೆ. ತೊಡೆ, ಹೊಟ್ಟೆ, ಬೆನ್ನೆಲುಬಿನ ಬದಿ, ಎದೆಯ ಬಾಗು. ಅಲ್ಲಿಗೆ ಬಂದು ಮತ್ತೆ ತೊಡೆಯಿಂದ ಶುರು ಮಾಡುತ್ತಿದ್ದೆ. ಹೃದಯ ಮಿಡಿದೂ ರಕ್ತ ತಳ್ಳದ ಆ ಸೆಕೆಂಡುಗಳು ಈಗಲೋ? ಆಗಿಹೋಯಿತೋ? ಭಟ್ರು ಚೀಲದಿಂದ ಪುಸ್ತಕ ತೆಗೆಯುವರು, ಓದದೆ ಮತ್ತೆ ಒಳಗಿಡುವರು.

ಎರಡು ಗಂಟೆ ಕಳೆಯಿತು. ಇನ್ನೂ ಕಾಲು ಗಂಟೆಯ ಮೇಲೆ ಬಾಗಿಲು ತೆರೆದು ಸಹಾಯಕ ಡಾಕ್ಟರೊಬ್ಬರು ಹೊರಬಂದರು. ಕೈಯಲ್ಲಿ ಒಂದು ಕಾಗದ.

"ದೇವಕಿಯವರ ಕಡೆಯವರು? ಸ್ಟೆಂಟ್ ಕೂತಿದೆ, ಬಿಗಿತ ಬಿಟ್ಟಿದೆ. ಆದ್ರೆ ಎಡಗೈಯಲ್ಲಿ ನಾಡಿ ಸಿಗ್ತಾ ಇಲ್ಲ. ಬಲೆಯ ಕಣ್ಣೊಂದರ ಮೂಲಕ ಸಣ್ಣ ಬಲೂನು ಹಾಕಿ ಆ ಬಾಯಿ ಅಗಲ ಮಾಡ್ಬಹುದು. ಅದಕ್ಕೆ ನಿಮ್ಮ ಇನ್ನೊಂದು ಸಹಿ ಬೇಕು."

ಭಟ್ರು ಕಾಗದ ಹಿಡಿದರು. ಅವರು ಹನ್ನೊಂದು ಕುರ್ಚಿಯಾಚೆಗೆ ನೋಡಿದರು. ಪುತ್ತೂರು ಬಿಟ್ಟ ಮೇಲೆ ಮೊದಲ ಸಲ.

"ಎಂತ ಮಾಡುದು?"

ಹೌದೆನ್ನಬೇಕೋ ಬೇಡವೆನ್ನಬೇಕೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವಳ ಹಾಗೆ ಬರೆದೇ ಇಲ್ಲಿಗೆ ಬಂದಿದ್ದೆವು. ಎದ್ದು ಹತ್ತಿರ ಹೋಗಿ ಡಾಕ್ಟರನ್ನು ಕೇಳಿದೆ. "ತಲೆಯ ಕೊಂಬೆ ಸರಿ ಉಂಟಾ?"

"ಉಂಟು. ಅದಕ್ಕೆ ಏನೂ ಅಡ್ಡ ಬಂದಿಲ್ಲ."

"ಎಡಗೈಯನ್ನು ಹೀಗೇ ಬಿಟ್ರೆ?"

"ಬೇರೆ ಸಣ್ಣ ನಾಳಗಳಿಂದ ರಕ್ತ ಸುತ್ತು ಹೊಡೆದು ಬರ್ತದೆ. ಕೈ ಉಳೀತದೆ. ಕೆಲಸ ಮಾಡುವಾಗ ನೋವು, ತಲೆ ಸುತ್ತುದು ಇರ್ಬಹುದು."

"ಬಲೂನು ಹಾಕಿದ್ರೆ?"

"ಹೆಚ್ಚಾಗಿ ಸರಿ ಹೋಗ್ತದೆ. ಆದ್ರೆ ಅಲ್ಲಿ ಮತ್ತೆ ಕೈ ಹಾಕುವಾಗ ರಕ್ತದ ಗಂಟು ಎದ್ದು ತಲೆಗೆ ಹೋಗುವ ಸಣ್ಣ ಅಪಾಯ ಉಂಟು. ಲಕ್ವ ಹೊಡೀಬಹುದು. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ."

"ಡಾ. ಅಮೀರಾ ಎಂತ ಹೇಳ್ತಾರೆ?"

"ಹಾಕುದು ಒಳ್ಳೆಯದು ಅಂತಾರೆ. ಬೇಗ ಹೇಳ್ಬೇಕು."

ಭಟ್ರಿಗೆ ಮತ್ತೊಮ್ಮೆ ಹೇಳಿದೆ, ಒಂದನ್ನೂ ಬಿಡದೆ, ಒಂದನ್ನೂ ಸಿಹಿ ಮಾಡದೆ. ಅವರು ಕಣ್ಣು ಮುಚ್ಚಿದರು. "ಒಂದು ಕೈಯಲ್ಲಿ ಕೆಲಸ ಮಾಡಿ ಅಂದ್ರೆ ಅವಳು ನಮ್ಮನ್ನು ಬದುಕ್ಲಿಕ್ಕೆ ಬಿಡ್ತಾಳಾ?" ಎಂದರು. ಅದು ನಗುವೋ ಅಳುವೋ ತಿಳಿಯಲಿಲ್ಲ. ಗೋಡೆಗೆ ಕಾಗದ ಒತ್ತಿ ಸಹಿ ಹಾಕಿದರು.

ಮತ್ತೆ ನಲವತ್ತು ನಿಮಿಷ. ಈ ಸಲ ಅವರು ನನ್ನಿಂದ ಎರಡು ಕುರ್ಚಿಯಾಚೆ ಕೂತಿದ್ದರು.

ಡಾ. ಅಮೀರಾ ತಾವೇ ಬಂದು ನಮ್ಮನ್ನು ಒಳಗೆ ಕರೆದುಕೊಂಡು ಹೋದರು. ಅವರ ಹಣೆಯ ಮೇಲೆ ಟೋಪಿಯ ಗುರುತಿತ್ತು. ದೇವಕಿಯಕ್ಕ ಕಣ್ಣು ಅರೆ ತೆರೆದು ಮಲಗಿದ್ದರು. ತುಟಿ ಒಣಗಿತ್ತು.

"ದೇವಕಿ, ಕೇಳ್ತಾ ಉಂಟಾ? ನಿಮ್ಮ ಹೆಸರು ಹೇಳಿ."

ಉತ್ತರವಿಲ್ಲ. ಕಣ್ಣು ಛಾವಣಿಯ ಕಡೆಗಿತ್ತು.

"ಹೆಸರು ಹೇಳಿ ದೇವಕಿ. ಯಾವ ಊರು?"

ತುಟಿ ಅಲುಗಿತು, ಸ್ವರ ಬರಲಿಲ್ಲ. ಬಾಯಿ ಒಂದು ಬದಿಗೆ ಎಳೆಯಿತೋ ಎಂದು ನನಗೆ ಕಂಡಿತು. ಭಟ್ರು ಮಂಚದ ಕಬ್ಬಿಣ ಹಿಡಿದುಕೊಂಡರು. ನೂರರಲ್ಲಿ ಒಬ್ಬರು, ನೂರರಲ್ಲಿ ಇಬ್ಬರು ಎಂದು ನನ್ನ ತಲೆಯಲ್ಲಿ ಯಾರೋ ಎಣಿಸುತ್ತಿದ್ದರು.

"ಹೆಸರು..." ದೇವಕಿಯಕ್ಕ ಉಗುಳು ನುಂಗಿದರು. "ನೀವೇ ಕರೀತಾ ಇದ್ದೀರಲ್ಲ ಆವಾಗಿನಿಂದ. ಗೊತ್ತಿಲ್ಲದೆ ಕೊಯ್ದದ್ದಾ?"

ಡಾ. ಅಮೀರಾ ಬಾಯ್ತುಂಬ ನಕ್ಕರು. "ಸರಿ ಸರಿ. ಬಲಗೈ ಎತ್ತಿ. ಕಾಲ್ಬೆರಳು ಅಲುಗಾಡಿಸಿ. ಈಗ ಎಡಗೈ."

ಎಡಗೈ ನಿಧಾನವಾಗಿ, ಹಾಸಿಗೆಯಿಂದ ಒಂದು ಗೇಣು ಮೇಲೆ ಬಂದು ನಿಂತಿತು. ಡಾಕ್ಟರು ಮಣಿಕಟ್ಟು ಹಿಡಿದು ಕಣ್ಣರೆಪ್ಪೆ ಅಲುಗದೆ ನಿಂತರು. "ಉಂಟು," ಎಂದರು. "ಸ್ವಲ್ಪ ಸಣ್ಣ, ಆದ್ರೆ ಉಂಟು. ಕಾಲಿಗೂ ಕೈಗೂ ಈಗ ಐದೇ ಅಂಕೆಯ ವ್ಯತ್ಯಾಸ. ಬಿಪಿಯ ಮಾತ್ರೆ ಕೆಲವು ಕಾಲ ಬೇಕು. ಪ್ರತಿ ವರ್ಷ ಬಂದು ತೋರಿಸ್ಬೇಕು. ಇವತ್ತು ರಾತ್ರಿ ಇಲ್ಲೇ ಇರ್ಲಿ, ನಾವು ನೋಡ್ಕೊಳ್ತೇವೆ."

ನರ್ಸು ನಮ್ಮನ್ನು ಹೊರಗೆ ಕಳಿಸಿದಳು. ಕಾರಿಡಾರಿನ ಕಿಟಕಿಯ ಹತ್ತಿರ ಭಟ್ರು ಗೋಡೆಗೆ ಹಣೆ ಆನಿಸಿ ಬಹಳ ಹೊತ್ತು ನಿಂತರು, ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವರು ಮುಖ ಒರಸಿಕೊಂಡು ಚೀಲದಿಂದ ನನ್ನ ಪುಸ್ತಕ ತೆಗೆದರು. ಕೊಡಲಿಲ್ಲ. ಹಾಗೇ ಹಿಡಿದುಕೊಂಡಿದ್ದರು.

"ಅನ್ನದ ಹೊತ್ತಿಗೆ ನೀನು ಬರುದು ನಮ್ಮ ಮನೆಗೆ ಮಾತ್ರವಾ?"

ನಾನು ತಲೆಯಾಡಿಸಿದೆ. ಅಲ್ಲ.

"ಇದರಲ್ಲಿ ಹೀಗೆ ಎಡಗೈ ಮಾತ್ರ ನೋಡಿದ್ದು ಇನ್ನೆಷ್ಟು ಮಂದಿಯದ್ದು?"

ಮನೆಗಳು ಒಂದೊಂದಾಗಿ ಕಣ್ಣೆದುರು ಬಂದವು. ಹೊಸ್ತಿಲುಗಳು, ಒಲೆಗಳು, ಚಾಚಿದ ಕೈಗಳು. "ಇಪ್ಪತ್ತಮೂರು," ಎಂದೆ. ಮತ್ತೆ ಎಣಿಸಿದೆ. "ಇಪ್ಪತ್ತನಾಲ್ಕು."

ಅವರು ಪುಸ್ತಕವನ್ನು ನನ್ನ ಕೈಯಲ್ಲಿಟ್ಟರು. "ಐದು ಗಂಟೆಗೆ ಒಂದು ಬಸ್ಸು ಉಂಟು, ಕಡಬಕ್ಕೆ. ನೀನು ಹೊರಡು. ಇಲ್ಲಿ ನಾನಿದ್ದೇನೆ."